ಸಿದ್ದಾಪುರದವರಿಗೆ, ಜೊತೆ ಆಡಿದವರಿಗೆ

ಮೊನ್ನೆಯ ಪಂದ್ಯಕ್ಕೆ ನನ್ನ ವಾಲಿಬಾಲ್ ಆಟ ಮುಗಿಯಿತು. ಇನ್ನು ರೈಲ್ವೆ ಜೆರ್ಸಿ ಹಾಕಿ ಅಂಕಣಕ್ಕೆ ಇಳಿಯುವುದಿಲ್ಲ. ಸುದ್ದಿ ಕೇಳಿ ಫೋನ್ ಮಾಡಿದವರು, ಮೆಸೇಜ್ ಕಳಿಸಿದವರು ತುಂಬಾ ಜನ. ಎಲ್ಲರಿಗೂ ಉತ್ತರ ಕೊಡುತ್ತೇನೆ. ಆದರೆ ಕೆಲವರಿಗೆ ನಾಲ್ಕು ಜನರ ಎದುರಿಗೇ ಥ್ಯಾಂಕ್ಸ್ ಹೇಳಬೇಕು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೊಡಗಿನವಳು ಅಂದ ಕೂಡಲೇ ಎಲ್ಲರೂ ಕೇಳುವುದು ಹಾಕಿ ಬಗ್ಗೆಯೇ. ಕೇಳಲಿ, ಅದು ನಮ್ಮ ಹೆಮ್ಮೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ ಕೊಡವ ಕೌಟುಂಬಿಕ ಹಾಕಿಗೆ ಈಗಲೂ ಊರಿಗೆ ಊರೇ ಹೋಗುತ್ತದೆ. ಆದರೆ ಬೇಸಿಗೆಯ ರಾತ್ರಿ ನಮ್ಮ ಸಿದ್ದಾಪುರದ ಕಡೆ ಬನ್ನಿ. ಹೊನಲು ಬೆಳಕಿನ ವಾಲಿಬಾಲ್ ಟೂರ್ನಿ ನಡೆಯುವಾಗ ಗದ್ದೆ ಬಯಲಲ್ಲಿ ನಿಲ್ಲಲು ಜಾಗ ಇರುವುದಿಲ್ಲ. ಅದು ಹುಡುಗರ ಆಟ. ಹುಡುಗಿಯರು ನೋಡಿ ಮನೆಗೆ ಹೋಗುತ್ತಾರೆ, ಅಷ್ಟೇ.

ನಾನು ಆಟ ಕಲಿತದ್ದು ಕಾಫಿ ಕಣದಲ್ಲಿ. ಅಪ್ಪ ಅಮ್ಮ ಕೆಲಸ ಮಾಡುತ್ತಿದ್ದ ತೋಟದ ಕಣ. ಕೊಯ್ಲಿನ ತಿಂಗಳುಗಳಲ್ಲಿ ಅಲ್ಲಿ ಕಾಲಿಡುವ ಹಾಗಿಲ್ಲ, ಹಣ್ಣು ಹರಡಿರುತ್ತದೆ. ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತದೆ. ಉಳಿದ ದಿನಗಳಲ್ಲಿ ಎರಡು ಸಿಲ್ವರ್ ಮರಗಳಿಗೆ ನೆಟ್ ಕಟ್ಟಿ ಲೈನ್ ಮನೆಯ, ಅಂದರೆ ತೋಟದ ಕೆಲಸದವರ ಸಾಲು ಮನೆಯ ಹುಡುಗರು ಆಡುತ್ತಿದ್ದರು. ನನ್ನನ್ನೂ ಸೇರಿಸಿಕೊಂಡರು. 'ಹುಡುಗಿ ಅಲ್ವಾ, ಮೆಲ್ಲಗೆ ಹೊಡಿ' ಅಂತ ಒಬ್ಬನೂ ಹೇಳಲಿಲ್ಲ. ಹೆಂಗಸರ ನೆಟ್ 2.24 ಮೀಟರ್, ಗಂಡಸರದ್ದು 2.43. ಆ ಎತ್ತರದಿಂದ ಬರುವ ಸ್ಮ್ಯಾಷ್ ಎತ್ತಿ ಎತ್ತಿಯೇ ನನ್ನ ಕೈ ಪಳಗಿದ್ದು. ಅಣ್ಣಂದಿರೇ, ನಿಮ್ಮಲ್ಲಿ ಅರ್ಧ ಜನ ಈಗ ಬೆಂಗಳೂರು, ದುಬೈ ಅಂತ ಹೋಗಿದ್ದೀರಿ. ಎಲ್ಲಿದ್ದರೂ ಇದನ್ನು ಓದಿ. ಕಣದ ಸಿಮೆಂಟು ಎಷ್ಟು ಕಿತ್ತರೂ ಗದರದೆ ಬಿಟ್ಟ ಸಾಹುಕಾರರ ಮನೆಯವರಿಗೂ, ಸ್ವಂತ ದುಡ್ಡಲ್ಲಿ ಹೊಸ ಚೆಂಡು ತಂದುಕೊಟ್ಟ, ತೋಟದ ಲೆಕ್ಕ ಬರೆಯುವ ರೈಟರ್ ಅಂಕಲ್‌ಗೂ ನನ್ನ ನಮಸ್ಕಾರ.

ಸಿಮೆಂಟಿನ ಮೇಲೆ ಡೈವ್ ಹೊಡೆದರೆ ಮೊಣಕಾಲು ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ಅಮ್ಮ ಬೈಯಲಿಲ್ಲ. ಹಳೇ ಸ್ವೆಟರಿನ ತೋಳು ಕತ್ತರಿಸಿ, ಒಳಗೆ ಸ್ಪಂಜು ಇಟ್ಟು, ಕಾಫಿ ಚೀಲ ಹೊಲಿಯುವ ದಬ್ಬಣದಲ್ಲಿ ದಪ್ಪ ದಾರ ಹಾಕಿ ಹೊಲಿದುಕೊಟ್ಟರು. ಒಂದು ನೀಲಿ, ಒಂದು ಕಂದು. ತೊಳೆದರೆ ಸ್ಪಂಜು ಒಣಗಲು ಎರಡು ದಿನ ಬೇಕು, ಮಳೆ ಹಿಡಿದರೆ ಒಲೆಯ ಮೇಲೆ ಕಟ್ಟಬೇಕು. ಹೊಗೆ ವಾಸನೆಯ ಆ ನೀ-ಪ್ಯಾಡ್ ಹಾಕಿಕೊಂಡೇ ಜಿಲ್ಲಾ ತಂಡಕ್ಕೆ ಆಯ್ಕೆಯಾದೆ.

ಹೈಸ್ಕೂಲಿನ ಪಿಟಿ ಮೇಡಂ ಇಲ್ಲದಿದ್ದರೆ ಅಲ್ಲಿಗೇ ನಿಲ್ಲುತ್ತಿತ್ತು. ನಮ್ಮ ಕಡೆ ಸಂಜೆ ಪ್ರಾಕ್ಟೀಸ್ ಅಂದರೆ ಮೊದಲು ಬರುವ ಮಾತು ಆನೆಯದ್ದು. ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ನಡೆಯುವ ಧೈರ್ಯ ದೊಡ್ಡವರಿಗೇ ಇಲ್ಲ, ಇನ್ನು ಮಕ್ಕಳನ್ನು ಯಾರು ಕಳಿಸುತ್ತಾರೆ? ಮೇಡಂ ಕೆಲಸದವರನ್ನು ಬಿಡುವ ಜೀಪಿನ ಡ್ರೈವರಣ್ಣನ ಹತ್ತಿರ ಮಾತಾಡಿದರು. ಅವರು ಕೊನೆಯ ಟ್ರಿಪ್ ತಡ ಮಾಡಿ ನಮಗಾಗಿ ಕಾಯುತ್ತಿದ್ದರು, ಲೈನ್ ಮನೆಯ ಬಾಗಿಲವರೆಗೂ ಬಿಡುತ್ತಿದ್ದರು. ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ. ಎಷ್ಟೋ ಒಳ್ಳೆಯ ಹುಡುಗಿಯರು ಪಿಯುಸಿಗೆ ಬರುವಷ್ಟರಲ್ಲಿ ಆಟ ಬಿಡುವುದನ್ನು ನೋಡಿದ್ದೇನೆ. ಆಸೆ ಬತ್ತಿ ಅಲ್ಲ, ಮನೆಗೆ ಹೋಗಲು ವಾಹನ ಇಲ್ಲದೆ. ಈ ಮಾತನ್ನು ನಾನು ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ.

ಮುಂದೆ ಒಂದು ಆಯ್ಕೆ ಶಿಬಿರದಲ್ಲಿ 'ಎತ್ತರ ಸಾಲದು' ಅಂತ ವಾಪಸ್ ಕಳಿಸಿದರು. ನನ್ನ ಕೋಚ್ ಸರ್ ಅವತ್ತೇ ನನ್ನನ್ನು ಲಿಬೆರೊ ಮಾಡಿದರು. 1998ರಲ್ಲಿ ಅಂತರರಾಷ್ಟ್ರೀಯ ನಿಯಮಕ್ಕೆ ಸೇರಿದ ಜಾಗ ಅದು. ಬೇರೆ ಬಣ್ಣದ ಜೆರ್ಸಿ. ಹಿಂದಿನ ಸಾಲಿನಲ್ಲಷ್ಟೇ ಆಡಬೇಕು. ಬ್ಲಾಕ್ ಮಾಡುವಂತಿಲ್ಲ, ನೆಟ್‌ಗಿಂತ ಮೇಲಿರುವ ಚೆಂಡನ್ನು ಆಚೆ ಹೊಡೆಯುವಂತಿಲ್ಲ. ಎದುರಾಳಿ ಹೊಡೆದದ್ದನ್ನು ಎತ್ತಿ, ಸ್ಮ್ಯಾಷ್‌ಗೆ ಚೆಂಡು ಏರಿಸಿಕೊಡುವ ಸೆಟ್ಟರ್ ಕೈಗೆ ಕೊಡುವುದೇ ಕೆಲಸ. ಎಷ್ಟು ಆಡಿದರೂ ಪಾಯಿಂಟ್ ಹೊಡೆದವರ ಪಟ್ಟಿಯಲ್ಲಿ ಹೆಸರು ಬರುವುದಿಲ್ಲ. ನನಗೆ ಆ ಜಾಗ ತುಂಬಾ ಇಷ್ಟವಾಯಿತು. ನೆಲಕ್ಕೆ ಒಂದು ಗೇಣು ಇರುವಾಗ ಚೆಂಡಿನ ಕೆಳಗೆ ಅಂಗೈ ತೂರಿಸಿ ಎಬ್ಬಿಸುವ ಖುಷಿಯ ಮುಂದೆ ನನಗೆ ಯಾವ ಸ್ಮ್ಯಾಷೂ ದೊಡ್ಡದಲ್ಲ.

ಕ್ರೀಡಾ ಕೋಟಾದಲ್ಲಿ ರೈಲ್ವೆ ಕೆಲಸ ಸಿಕ್ಕಿತು. ನಮ್ಮ ದೇಶದಲ್ಲಿ ಹೆಣ್ಣುಮಕ್ಕಳು ವಾಲಿಬಾಲ್ ಆಡಿಕೊಂಡೇ ಬದುಕಬೇಕು ಅಂದರೆ ಹೆಚ್ಚಾಗಿ ಇಂಥ ಕೆಲಸವೇ ದಾರಿ. 2022ರಲ್ಲಿ ಪ್ರೈಮ್ ವಾಲಿಬಾಲ್ ಲೀಗ್ ಬಂದಾಗ ನಾವೆಲ್ಲ ಹಾಸ್ಟೆಲಿನಲ್ಲಿ ಟಿವಿ ಮುಂದೆ ಕೂತು ಕೂಗಿದ್ದೇ ಕೂಗಿದ್ದು. ಅದು ಗಂಡಸರ ಲೀಗ್. ಅಂಥದ್ದರಲ್ಲಿ ಆಡುವ ಭಾಗ್ಯ ನನ್ನ ಕಾಲದಲ್ಲಿ ನಮಗೆ ಬರಲಿಲ್ಲ, ಆ ನೋವು ಇದೆ. ಈಗಿನ ಹುಡುಗಿಯರಿಗಾದರೂ ಸಿಗಲೇಬೇಕು.

ತಂಡದಲ್ಲಿ ಕೇರಳದ ಅಕ್ಕಂದಿರೇ ಜಾಸ್ತಿ. ಸಿದ್ದಾಪುರದ ಸಂತೆಯಲ್ಲಿ ಮಲಯಾಳಂ ಕೇಳಿ ಬೆಳೆದ ನನಗೆ ಮೊದಲ ದಿನವೇ ಮನೆಯವರ ಹಾಗೆ ಆದರು. ಮೊಣಕಾಲಿನ ಎಸಿಎಲ್ ಲಿಗಮೆಂಟ್ ಹರಿದು ಆಪರೇಷನ್ ಆದಾಗ ನನ್ನ ರೂಮಿನ ಅಕ್ಕ ತಲೆ ಬಾಚಿದ್ದರಿಂದ ಹಿಡಿದು ಸ್ನಾನಕ್ಕೆ ಕೂರಿಸುವವರೆಗೂ ಮಾಡಿದರು. ಈ ಗಾಯ ಗಂಡಸರಿಗಿಂತ ಆಟಗಾರ್ತಿಯರಿಗೇ ಜಾಸ್ತಿ ಆಗುತ್ತದೆ. ವಾಸಿಯಾಗಲು ತಿಂಗಳುಗಟ್ಟಲೆ ಬೇಕು. ಮೈಸೂರಿನ ಫಿಸಿಯೊ ಮೇಡಂ ಒಂದು ದಿನವೂ ಸುಮ್ನೆ ಸಮಾಧಾನ ಹೇಳಲಿಲ್ಲ. ಕಾಲು ಎಷ್ಟು ಮಡಚುತ್ತದೆ ಅಂತ ಅಳೆದು ಬರೆದು ತೋರಿಸುತ್ತಿದ್ದರು. ಆ ನೋಟ್‌ಬುಕ್ಕನ್ನು ನಂಬಿಕೊಂಡೇ ನಾನು ಮತ್ತೆ ಓಡಿದೆ. ಮೇಡಂ, ಆಮೇಲೆ ಆಡಿದ ಒಂದೊಂದು ಪಂದ್ಯದಲ್ಲೂ ನಿಮ್ಮ ಪಾಲಿದೆ.

ಅಪ್ಪ ಈಗಲೂ ನಿಯಮ ಪೂರ್ತಿ ಕಲಿತಿಲ್ಲ. ಆದರೂ ಪಂದ್ಯ ಇದ್ದ ರಾತ್ರಿ ಫೋನ್ ಮಾಡಿ 'ಬಿದ್ದೆಯಾ? ಪೆಟ್ಟಾಯಿತಾ?' ಅಂತ ಕೇಳಿಯೇ ಮಲಗುತ್ತಿದ್ದರು. ಅಪ್ಪಾ, ಇನ್ನು ನೆಮ್ಮದಿಯಾಗಿ ಮಲಗಿ.

ಬರುವ ಏಪ್ರಿಲ್ ರಜೆಯಲ್ಲಿ ಊರಲ್ಲಿ ಹುಡುಗಿಯರಿಗೆ ಪ್ರಾಕ್ಟೀಸ್ ಶುರು ಮಾಡುತ್ತಿದ್ದೇನೆ. ನೆಟ್, ಚೆಂಡು, ನೀ-ಪ್ಯಾಡ್ ಎಲ್ಲ ನಾನೇ ತರುತ್ತೇನೆ. ಸಂಜೆ ಮನೆಗೆ ಬಿಡಲು ಡ್ರೈವರಣ್ಣನ ಮಗ ಜೀಪ್ ತರುತ್ತೇನೆ ಅಂದಿದ್ದಾರೆ. ಅಮ್ಮಂದಿರು ಯಾವಾಗ ಬೇಕಾದರೂ ಬಂದು ಕೂತು ನೋಡಬಹುದು.