ಬಿಟ್ಟು ಬಂದವಳ ಕೈ ಹಿಡಿದವರಿಗೆ

ನನ್ನ ಮೊದಲ ಪುಸ್ತಕ ಅಚ್ಚಾಗಿ ಬಂದಿದೆ. ಪ್ರಬಂಧಗಳ ಸಣ್ಣ ಪುಸ್ತಕ. ಹಾಸನದಲ್ಲಿ ಬಿಡುಗಡೆಯ ದಿನ ಮೈಕ್ ಮುಂದೆ ನಿಂತಾಗ ಗಂಟಲು ಕಟ್ಟಿಕೊಂಡಿತು. ನಾಲ್ಕು ಮಾತಾಡಿ ಕೂತುಬಿಟ್ಟೆ. ಹೇಳಬೇಕಾಗಿದ್ದು ಬಹಳ ಇತ್ತು. ಅದನ್ನು ಇಲ್ಲಿ ನಿಧಾನವಾಗಿ ಬರೆಯುತ್ತಿದ್ದೇನೆ. ಹೆಸರು ಹಾಕಬೇಡ ಎಂದು ಕೆಲವರು ಕೇಳಿಕೊಂಡಿದ್ದಾರೆ, ಹಾಗಾಗಿ ಮನೆಯವರ, ಹತ್ತಿರದವರ ಹೆಸರು ಹಾಕಿಲ್ಲ. ಓದಿದರೆ ಅವರಿಗೇ ಗೊತ್ತಾಗುತ್ತದೆ.

ನನ್ನನ್ನು ತಿಳಿಯದವರಿಗೆ ಎರಡು ಮಾತು. ನಾನು ಹಾಸನ ಕಡೆಯ ಕ್ಯಾಥೊಲಿಕ್ ಮನೆಯ ಹುಡುಗಿ. ಮನೆಮಾತು ಕನ್ನಡ, ಜಪವೂ ಕನ್ನಡದ್ದೇ. ಕ್ರೈಸ್ತರೆಂದರೆ ಕೊಂಕಣಿಯವರು, ಇಲ್ಲವೇ ಇಂಗ್ಲಿಷ್ ಮಾತಾಡುವವರು ಅಂದುಕೊಂಡವರು ಈಗಲೂ ಸಿಗುತ್ತಾರೆ. ನಮ್ಮ ಕಡೆಯ ಹಳ್ಳಿಗಳಲ್ಲಿ ರಾಗಿ, ಆಲೂಗಡ್ಡೆ ಬೆಳೆಯುವ ಕ್ರೈಸ್ತ ಕುಟುಂಬಗಳು ಎಷ್ಟೋ ತಲೆಮಾರಿನಿಂದ ಇವೆ. ಅಂಥದ್ದೇ ಮನೆ ನಮ್ಮದು. ಡಿಗ್ರಿ ಮುಗಿದ ಮೇಲೆ ನಾನು ಕನ್ಯಾಮಠ ಸೇರಿದೆ, ಸಿಸ್ಟರ್ ಆಗಬೇಕೆಂದು. ಯಾರೂ ಒತ್ತಾಯ ಮಾಡಿರಲಿಲ್ಲ. ಮೊದಲ ವ್ರತ ತೆಗೆದುಕೊಳ್ಳುವ ಮುಂಚೆ ಹೊರಗೆ ಬಂದೆ. ಆಗಲೂ ಯಾರೂ ಒತ್ತಾಯ ಮಾಡಲಿಲ್ಲ.

ಬಿಟ್ಟು ಬಂದಳು ಅಂದ ಕೂಡಲೇ ಏನೋ ಆಗಿರಬೇಕು ಎಂದು ಜನ ಹುಡುಕುತ್ತಾರೆ. ಏನೂ ಆಗಿರಲಿಲ್ಲ. ನೊವಿಷಿಯೇಟ್, ಅಂದರೆ ವ್ರತಕ್ಕೆ ಮುಂಚಿನ ತರಬೇತಿಯ ಕಾಲ, ಇರುವುದೇ ನೋಡಿ ತೀರ್ಮಾನಿಸುವುದಕ್ಕೆ. ಮಠದವರು ಹುಡುಗಿಯನ್ನು ನೋಡುತ್ತಾರೆ, ಹುಡುಗಿ ಆ ಬದುಕನ್ನು ನೋಡುತ್ತಾಳೆ. ಆ ಕಾಲದಲ್ಲಿ ಅವಳು ಯಾವಾಗ ಬೇಕಾದರೂ ಹೊರಡಬಹುದು. ಕ್ಯಾಥೊಲಿಕ್ ಧರ್ಮಸಭೆಯ ಕಾನೂನಿನಲ್ಲೇ ಹಾಗಿದೆ. 1983ರ ಕಾನೂನು ಸಂಹಿತೆಯಲ್ಲಿ 653ನೇ ನಿಯಮ. ಇದನ್ನು ನನಗೆ ಓದಿ ಹೇಳಿದವರು ನಮಗೆ ತರಬೇತಿ ಕೊಡುತ್ತಿದ್ದ ಸಿಸ್ಟರ್. ನನ್ನ ಮೊದಲ ಕೃತಜ್ಞತೆ ಅವರಿಗೆ.

ಆ ಹೊತ್ತಿಗೆ ನನಗೆ ಪ್ರಾರ್ಥನೆ ನಿಂತುಹೋಗಿತ್ತು. ಬಾಯಲ್ಲಿ ಬರುತ್ತಿತ್ತು, ಒಳಗೆ ಏನೂ ಇರುತ್ತಿರಲಿಲ್ಲ. ಬೆಳಗಿನ ಧ್ಯಾನಕ್ಕೆ ಕೂತರೆ ಊರಿನ ಜನ ನೆನಪಾಗುತ್ತಿದ್ದರು. ಸಂತೆಯಲ್ಲಿ ಸೊಪ್ಪು ಮಾರುವವಳ ಮಾತು, ಅಪ್ಪ ಮಳೆ ಬಾರದ ವರ್ಷ ಮೋಡ ನೋಡುತ್ತಾ ನಿಲ್ಲುತ್ತಿದ್ದ ರೀತಿ, ಇಂಥವೇ. ಅವರನ್ನೆಲ್ಲ ಬರೆಯಬೇಕು ಅನ್ನಿಸುತ್ತಿತ್ತು. ದೇವರ ಮುಂದೆ ಕೂತು ಇದೇನು ಯೋಚನೆ ಎಂದು ಹೆದರಿಕೆಯೂ ಆಗುತ್ತಿತ್ತು. ಸಿಸ್ಟರ್ ಹತ್ತಿರ ಅಳುತ್ತಾ ಹೇಳಿಕೊಂಡೆ. ಅವರು ಒಂದು ನೋಟ್‌ಬುಕ್ ತಂದುಕೊಟ್ಟರು. "ದೇವರಿಗೆ ಹೇಳೋಕೆ ಆಗದೇ ಇರೋದನ್ನ ಇದರಲ್ಲಿ ಬರಿ. ನಾನು ತೆಗೆದು ನೋಡೋದಿಲ್ಲ" ಅಂದರು. ನೋಡಲೂ ಇಲ್ಲ. ಪುಸ್ತಕದ ಮೊದಲ ಮೂರು ಪ್ರಬಂಧಗಳು ಆ ನೋಟ್‌ಬುಕ್ಕಿನವು.

ಅವರು ಮಾಡಿದ ಇನ್ನೊಂದು ಉಪಕಾರ ಇದಕ್ಕಿಂತ ದೊಡ್ಡದು. ಮಠಗಳಲ್ಲಿ ರಾತ್ರಿ ಮಲಗುವ ಮುಂಚೆ ಒಂದು ಪ್ರಾರ್ಥನೆ ಇರುತ್ತದೆ. ಶುಕ್ರವಾರದ ರಾತ್ರಿಗೆ 88ನೇ ಕೀರ್ತನೆ. ಬೈಬಲ್ಲಿನಲ್ಲಿ ದುಃಖದ ಕೀರ್ತನೆಗಳು ಬೇಕಾದಷ್ಟಿವೆ. ಹೆಚ್ಚಿನವು ಅಳುತ್ತಾ ಶುರುವಾಗಿ, ಕೊನೆಗೆ ದೇವರು ಕೇಳಿದ, ಕಾಪಾಡಿದ ಎಂದು ಮುಗಿಯುತ್ತವೆ. ಈ ಕೀರ್ತನೆ ಹಾಗಲ್ಲ. ನಿನ್ನ ಮುಖ ಯಾಕೆ ಮರೆಮಾಡಿಕೊಂಡಿದ್ದೀಯ ಎಂದು ದೇವರನ್ನು ಕೇಳುತ್ತದೆ, ಉತ್ತರ ಬರುವುದಿಲ್ಲ. ಕತ್ತಲೆಯ ಮಾತಿನಲ್ಲೇ ಮುಗಿದುಹೋಗುತ್ತದೆ. ಒಂದು ಶುಕ್ರವಾರ ಪ್ರಾರ್ಥನೆ ಮುಗಿದ ಮೇಲೆ ಸಿಸ್ಟರ್ ನನ್ನ ಪಕ್ಕ ಬಂದು, "ಇದನ್ನೂ ಬೈಬಲ್ಲಿನಲ್ಲಿ ಇಟ್ಟಿದ್ದಾರೆ ನೋಡು, ತೆಗೆದುಹಾಕಿಲ್ಲ" ಎಂದಷ್ಟೇ ಹೇಳಿ ದೀಪ ಆರಿಸಲು ಹೋದರು.

ನನ್ನ ಬದುಕಿನಲ್ಲಿ ಯಾರೂ ನನಗೆ ಇಷ್ಟು ಧೈರ್ಯ ಕೊಟ್ಟಿಲ್ಲ. ಅಲ್ಲಿಯವರೆಗೆ, ನಂಬಿಕೆ ಗಟ್ಟಿಯಾದ ಮೇಲೆ ಬರೆಯಬೇಕು, ಸಂಶಯ ಎಲ್ಲ ತೀರಿದ ಮೇಲೆ ದೇವರ ಬಗ್ಗೆ ಬಾಯಿ ತೆರೆಯಬೇಕು ಅಂತ ನನಗೆ ಅನ್ನಿಸುತ್ತಿತ್ತು. ಉತ್ತರ ಸಿಗದೆ ಮುಗಿದ ಒಂದು ದೂರನ್ನು ಸಾವಿರಾರು ವರ್ಷದಿಂದ ಜನ ಪ್ರಾರ್ಥನೆ ಎಂದೇ ಹೇಳಿಕೊಂಡು ಬಂದಿದ್ದಾರೆ. ಹಾಗಿದ್ದರೆ ನನ್ನ ನೋಟ್‌ಬುಕ್ಕಿಗೂ ಅಲ್ಲೊಂದು ಮೂಲೆ ಇರಬೇಕಲ್ವಾ?

ಫ್ರಾನ್ಸಿನ ಲಿಸ್ಯೂ ಊರಿನ ಮಠದಲ್ಲಿದ್ದ ಸಂತ ತೆರೇಸಾಳ ಪಟ ನಮ್ಮ ಮನೆಯಲ್ಲೂ ಇದೆ. ಕೈಯಲ್ಲಿ ಗುಲಾಬಿ, ಶಿಲುಬೆ. ಆ ಪಟ ನೋಡಿ ಬೆಳೆದ ನನಗೆ ಆಕೆ ಬರಹಗಾರ್ತಿ ಎಂದು ಹೊಳೆದಿರಲೇ ಇಲ್ಲ. 1895ರಲ್ಲಿ ಮಠದ ಮುಖ್ಯಸ್ಥೆ ಬರಿ ಎಂದು ಹೇಳಿದ್ದಕ್ಕೆ ಆಕೆ ಬರೆಯಲು ಕೂತಳು. ಆ ಮುಖ್ಯಸ್ಥೆ ಆಕೆಯ ಸ್ವಂತ ಅಕ್ಕ. ಮಠದ ಕೆಲಸ ಮುಗಿದ ಮೇಲೆ ಸಿಗುತ್ತಿದ್ದ ಬಿಡುವಿನಲ್ಲಿ, ಶಾಲೆ ಮಕ್ಕಳ ನೋಟ್‌ಬುಕ್ಕಿನಲ್ಲಿ ಬರೆದಳು. 1896ರ ಈಸ್ಟರ್ ಹೊತ್ತಿಗೆ ಆಕೆಗೆ ಸ್ವರ್ಗ ಇದೆ ಅನ್ನುವುದೇ ಮಸುಕಾಗಿಹೋಯಿತು. ಸಾಯುವವರೆಗೂ ಆ ಕತ್ತಲೆ ಬಿಡಲಿಲ್ಲ. 1897ರಲ್ಲಿ ಕ್ಷಯದಿಂದ ತೀರಿಕೊಂಡಾಗ 24 ವರ್ಷ. ಅದೇ ಹುಡುಗಿಯನ್ನು ನೂರು ವರ್ಷದ ಮೇಲೆ, 1997ರಲ್ಲಿ, ಧರ್ಮಸಭೆಯ ಪಂಡಿತೆ, ಅಂದರೆ ಇಡೀ ಧರ್ಮಸಭೆಗೆ ಪಾಠ ಹೇಳಬಲ್ಲವಳು, ಎಂದು ಪೋಪ್ ಎರಡನೇ ಜಾನ್ ಪಾಲ್ ಘೋಷಿಸಿದರು. ಪಟದಲ್ಲಿ ಗುಲಾಬಿ ಬಿಡಿಸಿದವರು ಪಕ್ಕದಲ್ಲಿ ಒಂದು ನೋಟ್‌ಬುಕ್ಕನ್ನೂ ಬಿಡಿಸಬೇಕಿತ್ತು ಅನ್ನಿಸುತ್ತದೆ. ನಮ್ಮ ಹುಡುಗಿಯರು ನೋಡಲಿ ಎಂದು.

ಇನ್ನು ಮನೆಗೆ ಬಂದ ಮೇಲಿನ ಕಾಲ. ಅದು ಕಷ್ಟದ ಕಾಲ. ಚರ್ಚಿನ ಪೂಜೆಗೆ ಹೋದರೆ ತಿರುಗಿ ನೋಡುವವರು, ಮದುವೆ ಮನೆಯಲ್ಲಿ ಕಿವಿಗೆ ಬೀಳುವ ಹಾಗೆ ಮಾತಾಡುವವರು ಇದ್ದರು. ಒಬ್ಬರು ನನ್ನ ಎದುರಿಗೇ ಅಪ್ಪನನ್ನು ಕೇಳಿದರು, ಮಗಳು ಯಾಕೆ ಬಂದಳು ಎಂದು. ಅಪ್ಪ ಜಾಸ್ತಿ ಮಾತಿನ ಮನುಷ್ಯ ಅಲ್ಲ. "ಅವಳ ಮನೆಗೆ ಅವಳು ಬಂದವ್ಳೆ. ಅದ್ಕೆ ಯಾಕೆ ಅಂತ ಬೇರೆ ಕೇಳ್ಬೇಕಾ?" ಅಂದರು. ಅಪ್ಪಾ, ಆ ಮಾತಿಗೆ ನಾನು ಇವತ್ತಿನವರೆಗೂ ನಿಮ್ಮ ಮುಂದೆ ಏನೂ ಹೇಳಿಲ್ಲ. ಇಲ್ಲಿ ಹೇಳುತ್ತಿದ್ದೇನೆ. ಆ ರಾತ್ರಿ ನಾನು ಎಷ್ಟೋ ತಿಂಗಳ ಮೇಲೆ ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಅಮ್ಮನಿಗೆ ನೋವಾಗಿತ್ತು. ಮಗಳು ಸಿಸ್ಟರ್ ಆಗುತ್ತಾಳೆ ಎಂದು ಎಲ್ಲರ ಹತ್ತಿರ ಹೇಳಿಕೊಂಡಿದ್ದರು. ಆ ನೋವನ್ನು ಅವರು ಮುಚ್ಚಿಡಲಿಲ್ಲ, ನನ್ನ ಮೇಲೆ ಹಾಕಲೂ ಇಲ್ಲ. ನಾನು ಬರೆಯುತ್ತಾ ಕೂತಿದ್ದಾಗ ಒಳಗೆ ಬಂದು ದೀಪ ಹಾಕಿ, ಕಾಫಿ ಇಟ್ಟು ಹೋಗುತ್ತಿದ್ದರು. ಮಾತು ಕಡಿಮೆ ಇದ್ದ ಆ ದಿನಗಳಲ್ಲೂ ಕಾಫಿ ತಪ್ಪಲಿಲ್ಲ. ಈಗ ಪುಸ್ತಕದ ಪ್ರತಿಗಳನ್ನು ತಾವೇ ಚೀಲದಲ್ಲಿ ಹಾಕಿಕೊಂಡು ಹೋಗಿ ನೆಂಟರಿಗೆ ಕೊಡುತ್ತಿದ್ದಾರೆ.

ಅಜ್ಜಿಯ ಬಗ್ಗೆ ಸ್ವಲ್ಪ ಉದ್ದ ಬರೆಯಬೇಕು, ಯಾಕೆಂದರೆ ಈ ಪುಸ್ತಕ ಅಜ್ಜಿಯದು. ಅಜ್ಜಿಯ ಊರು ಶೆಟ್ಟಿಹಳ್ಳಿ. ಹೇಮಾವತಿ ಹಿನ್ನೀರಿನಲ್ಲಿ ನಿಂತಿರುವ ಆ ಹಾಳು ಚರ್ಚಿನ ಫೋಟೋ ನೀವು ನೋಡಿರುತ್ತೀರಿ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು. ಗೊರೂರಿನಲ್ಲಿ ಅಣೆಕಟ್ಟು ಬಂದಾಗ ಊರು ಖಾಲಿ ಮಾಡಬೇಕಾಯಿತು. ಮಳೆಗಾಲದಲ್ಲಿ ನೀರು ಗೋಡೆಯ ಅರ್ಧಕ್ಕೆ ಬರುತ್ತದೆ, ಬೇಸಿಗೆಯಲ್ಲಿ ನಡೆದು ಹೋಗಬಹುದು. ಬೆಂಗಳೂರಿನಿಂದ ಜನ ಬಂದು ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅದು ಸುಮ್ನೆ ಒಂದು ಚಂದದ ಪಾಳು ಕಟ್ಟಡ ಅಲ್ಲ ಎಂದು ಮಾತ್ರ ಹೇಳಬೇಕು ಅನ್ನಿಸುತ್ತದೆ. ನನ್ನ ಅಜ್ಜಿಗೆ ಜ್ಞಾನಸ್ನಾನ (ಕ್ರೈಸ್ತ ದೀಕ್ಷೆ) ಆಗಿದ್ದು ಅಲ್ಲಿ, ಮದುವೆ ಆಗಿದ್ದೂ ಅಲ್ಲಿ.

ಅಜ್ಜಿ ಚಿಕ್ಕವರಿದ್ದಾಗ ಪೂಜೆ ಲ್ಯಾಟಿನ್‌ನಲ್ಲಿ ನಡೆಯುತ್ತಿತ್ತು. ಎರಡನೇ ವ್ಯಾಟಿಕನ್ ಮಹಾಸಭೆ 1962ರಿಂದ 1965ರವರೆಗೆ ನಡೆದ ಮೇಲೆ ಕನ್ನಡ ಬಂತು. ಅದಕ್ಕೆ ಮುಂಚೆ ಸ್ವಾಮಿಯವರು ಪೀಠದ ಹತ್ತಿರ ಲ್ಯಾಟಿನ್‌ನಲ್ಲಿ ಹೇಳಿಕೊಳ್ಳುತ್ತಿದ್ದರೆ ಹೆಂಗಸರು ಕೆಳಗೆ ಕೂತು ಕನ್ನಡದಲ್ಲಿ ಮಾತೆ ಮರಿಯಳ ಜಪಸರ ಮಾಡುತ್ತಿದ್ದರಂತೆ. "ಅವರ ಪೂಜೆ ಅವರಿಗೆ, ನಮ್ ಮಾತೆ ಜೊತೆ ನಮ್ ಮಾತು" ಎಂದು ಅಜ್ಜಿ ನಗುತ್ತಿದ್ದರು. ಊರು ಬಿಟ್ಟ ದಿನದ ಬಗ್ಗೆ ಕೇಳಿದರೆ ಚರ್ಚಿಗಿಂತ ಹೆಚ್ಚಾಗಿ ಹಿತ್ತಲಿನ ಹಲಸಿನ ಮರದ ಬಗ್ಗೆ ಹೇಳುತ್ತಿದ್ದರು. ಆ ವರ್ಷ ಮರ ತುಂಬ ಕಾಯಿ ಬಿಟ್ಟಿತ್ತಂತೆ. ಹಣ್ಣಾಗುವ ಮುಂಚೆ ಗಾಡಿ ಕಟ್ಟಬೇಕಾಯಿತಂತೆ. ನಾನು ದೇವರು, ಬೈಬಲ್ ಎಂದು ದೊಡ್ಡ ದೊಡ್ಡ ವಿಷಯ ಬರೆಯಲು ಒದ್ದಾಡುತ್ತಿದ್ದಾಗ ಆ ಹಲಸಿನ ಮರವೇ ನನಗೆ ದಾರಿ ತೋರಿಸಿತು. ಕಳೆದುಕೊಂಡವರ ನಂಬಿಕೆಯ ಬಗ್ಗೆ ಬರೆಯಬೇಕಾದರೆ ಅವರು ಏನನ್ನು ನೆನೆದು ಅಳುತ್ತಾರೋ ಅದರಿಂದಲೇ ಶುರು ಮಾಡಬೇಕು.

ನಾನು ಮಠದಿಂದ ಬಂದ ಮೊದಲ ವಾರ ಅಜ್ಜಿ ಹತ್ತಿರ ಕೂತು, ದೇವರು ನನ್ನ ಮೇಲೆ ಕೋಪ ಮಾಡಿಕೊಂಡಿರುತ್ತಾನಾ ಅಂತ ಕೇಳಿದೆ. "ಏನ್ ಮಗಾ, ದೇವ್ರು ಕೋಪ ಮಾಡ್ಕಳಕ್ಕೆ ನೀನೇನ್ ಕದ್ದಿದ್ದೀಯಾ? ಬಾ, ಜಪ ಹೇಳು, ನಂಗೆ ಎಣಿಕೆ ತಪ್ತಾ ಅದೆ" ಅಂದರು. ಹೇಳಿದೆ. ಒಳಗೆ ಏನಾದರೂ ಇತ್ತೋ ಇಲ್ಲವೋ, ಅಜ್ಜಿಗೆ ಎಣಿಕೆ ತಪ್ಪದಿರಲಿ ಎಂದು ಪ್ರತಿ ಸಂಜೆ ಹೇಳಿದೆ. ಹಾಗೆ ಹೇಳುತ್ತಾ ಹೇಳುತ್ತಾ ನನ್ನ ಪ್ರಾರ್ಥನೆ ಯಾವಾಗ ವಾಪಸ್ ಬಂತೋ ತಿಳಿಯಲಿಲ್ಲ. ಪುಸ್ತಕ ಅಚ್ಚಿಗೆ ಹೋಗುವ ಮೊದಲೇ ಅಜ್ಜಿ ತೀರಿಕೊಂಡರು. ಅರ್ಪಣೆ ಅವರಿಗೆ.

ಬರವಣಿಗೆಯಲ್ಲಿ ನನ್ನನ್ನು ತಿದ್ದಿದವರು ಹೈಸ್ಕೂಲಿನ ಕನ್ನಡ ಮೇಷ್ಟ್ರು. ಈಗ ನಿವೃತ್ತರು. ಮೊದಲ ಕರಡಿನಲ್ಲಿ ನಾನು ಜಪ, ಪೂಜೆಯಲ್ಲಿ ಕೊಡುವ ಪರಮಪ್ರಸಾದ, ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಉಪವಾಸ ಏನನ್ನೂ ಸೇರಿಸಿರಲಿಲ್ಲ. ಎಲ್ಲರಿಗೂ ಅರ್ಥವಾಗಲಿ ಎಂದು. ಮೇಷ್ಟ್ರು ಓದಿ, "ಇದು ಯಾರ ಮನೆ ಕಥೆಯಮ್ಮಾ? ನಿಮ್ಮ ಮನೆದು ಅನ್ನಿಸ್ತಾ ಇಲ್ಲ" ಅಂದರು. ಆಮೇಲೆ ಅಕ್ಕಮಹಾದೇವಿಯ ವಚನಗಳನ್ನು ಓದಲು ಕೊಟ್ಟರು. 12ನೇ ಶತಮಾನದ ಒಬ್ಬ ಹೆಂಗಸು ಚೆನ್ನಮಲ್ಲಿಕಾರ್ಜುನನ ಹತ್ತಿರ ಕೇಳುತ್ತಾಳೆ, ಜಗಳ ಆಡುತ್ತಾಳೆ, ಕಾಡಿನ ಗಿಳಿ ಕೋಗಿಲೆಗಳನ್ನು ನಿಲ್ಲಿಸಿ ಅವನನ್ನು ಕಂಡಿರಾ ಎನ್ನುತ್ತಾಳೆ. ಕನ್ನಡಕ್ಕೆ ದೇವರ ಜೊತೆ ಹೀಗೆ ನೇರವಾಗಿ ಮಾತಾಡಿ ಅಭ್ಯಾಸ ಇದೆ. ನಾನು ಯೇಸುವಿನ ಹತ್ತಿರ ಕನ್ನಡದಲ್ಲಿ ಮಾತಾಡುವಾಗ ಆ ಅಭ್ಯಾಸ ನನಗೂ ಬೆನ್ನಿಗಿದೆ. ಮೇಷ್ಟ್ರೇ, ಇದನ್ನು ತೋರಿಸಿಕೊಟ್ಟಿದ್ದಕ್ಕೆ ನಿಮಗೆ ನಮಸ್ಕಾರ.

ನಾನು ಭೇಟಿಯಾಗದೇ ಹೋದ ಒಬ್ಬರಿಗೂ ಧನ್ಯವಾದ ಹೇಳಬೇಕು. ಸಾಗರದ ಕಾದಂಬರಿಕಾರ ನಾ. ಡಿಸೋಜ ಅವರಿಗೆ. ಶರಾವತಿ ನೀರಿನಲ್ಲಿ ಊರು ಕಳೆದುಕೊಂಡವರನ್ನು ಅವರು ಜೀವನವಿಡೀ ಬರೆದರು. 2014ರಲ್ಲಿ ಮಡಿಕೇರಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಕ್ಯಾಥೊಲಿಕ್ ಮನೆಯಲ್ಲಿ ಹುಟ್ಟಿ, ಕನ್ನಡದಲ್ಲಿ, ಮುಳುಗಿದ ಊರುಗಳ ಬಗ್ಗೆ ಬರೆದವರೊಬ್ಬರು ಇದ್ದರು ಎಂದು ಲೈಬ್ರರಿಯಲ್ಲಿ ಗೊತ್ತಾದ ದಿನ ನನಗೆ ಆದ ಸಂತೋಷ ಹೇಳತೀರದು. 2025ರ ಜನವರಿಯಲ್ಲಿ ಅವರು ಹೋದರು. ನನ್ನ ಪುಸ್ತಕ ಅವರ ಕೈಗೆ ಕೊಡಬೇಕೆಂಬ ಆಸೆ ಹಾಗೇ ಉಳಿಯಿತು.

ಕೈಬರಹ ಓದಲಾಗದಿದ್ದರೂ ತಾಳ್ಮೆಯಿಂದ ಟೈಪ್ ಮಾಡಿದ ಡಿಟಿಪಿ ಅಣ್ಣನಿಗೆ, ಹೊಸಬಳ ಪುಸ್ತಕಕ್ಕೆ ಸ್ವಂತ ದುಡ್ಡು ಹಾಕಿದ ಪ್ರಕಾಶಕರಿಗೆ, ಪೂಜೆಯ ಕೊನೆಯಲ್ಲಿ ಬಿಡುಗಡೆಯ ಸುದ್ದಿಯನ್ನು ಪೀಠದಿಂದಲೇ ಹೇಳಿದ ನಮ್ಮ ಧರ್ಮಕೇಂದ್ರದ ಗುರುಗಳಿಗೆ, ಕುರ್ಚಿ ಜೋಡಿಸಿ, ಪಾಯಸ ಬಡಿಸಿ, ಹಾಲ್ ಗುಡಿಸಿ ಹೋದ ಯುವಜನ ಸಂಘದವರಿಗೆ ನನ್ನ ಪ್ರೀತಿ. ಮಠದಲ್ಲಿ ನನ್ನ ಜೊತೆಗಿದ್ದು ಈಗ ವ್ರತ ತೆಗೆದುಕೊಂಡಿರುವ ಗೆಳತಿಯರಿಗೂ. ನೀವು ಅಲ್ಲಿ ಉಳಿದಿರಿ, ನಾನು ಬಂದೆ. ಸಂಜೆಯ ಪ್ರಾರ್ಥನೆಯಲ್ಲಿ ನಾವು ಒಟ್ಟಿಗೆ ಹಾಡುತ್ತಿದ್ದ ಮಾತೆ ಮರಿಯಳ ಗೀತೆಯನ್ನು ನಾನು ಈಗಲೂ ಅದೇ ಹೊತ್ತಿಗೆ ಹೇಳಿಕೊಳ್ಳುತ್ತೇನೆ. ಹಳ್ಳಿಯ ಒಬ್ಬ ಹುಡುಗಿ, ಬಲಶಾಲಿಗಳನ್ನು ಕೆಳಗಿಳಿಸಿ ಹಸಿದವರಿಗೆ ಉಣಿಸುವ ದೇವರನ್ನು ಅಷ್ಟು ಗಟ್ಟಿ ದನಿಯಲ್ಲಿ ಹೊಗಳುವುದನ್ನು ಕೇಳಿದರೆ ನನಗೆ ಬರೆಯಲು ಹುಮ್ಮಸ್ಸು ಬರುತ್ತದೆ.

ಕೊನೆಗೆ ಒಂದು ಕೋರಿಕೆ. ಹೇಮಾವತಿ ಅಣೆಕಟ್ಟಿನಿಂದಾಗಿ ಊರು ಬಿಟ್ಟ ಮನೆಗಳ ಅಜ್ಜಿಯರು ಹೇಳುತ್ತಿದ್ದ ಜಪ, ಹಾಡು, ತಪಸ್ಸುಕಾಲದ ಪದಗಳನ್ನು ಕೂಡಿಹಾಕಲು ಶುರು ಮಾಡಿದ್ದೇನೆ. ನಿಮ್ಮ ಮನೆಯ ಟ್ರಂಕಿನಲ್ಲಿ ಹಳೆಯ ಕೈಬರಹದ ಪ್ರಾರ್ಥನೆ ಪುಸ್ತಕ ಇದ್ದರೆ, ಅಥವಾ ಹಾಡು ನೆನಪಿರುವ ಹಿರಿಯರು ಇದ್ದರೆ, ದಯವಿಟ್ಟು ತಿಳಿಸಿ. ನಾನೇ ಬಂದು ಬರೆದುಕೊಳ್ಳುತ್ತೇನೆ. ಪುಸ್ತಕ ನಿಮ್ಮ ಮನೆಯಲ್ಲೇ ಇರಲಿ.