ಆ ಫಾರಂ ತುಂಬಿದ್ದು ನಾನೇ ತಂಗೀ

ತಂಗೀ,

ನಿನ್ನ ಕಾಗದ ನಿನ್ನೆ ಬಂತು. ಉಳಿದದ್ದೆಲ್ಲ ಒಂದೇ ಸಲ ಓದಿದ್ದು, "ನಂಗೇ ಏನಾದ್ರೂ ಆದ್ರೆ ಅಪ್ಪೂನ ಆಸ್ಪತ್ರೆಗೆ ಯಾರು ಕರ್ಕೊಂಡು ಹೋಗ್ತಾರೆ ಮಾವ" ಅಂತ ಬರೆದ್ಯಲ್ಲ, ಅದನ್ನ ಮಾತ್ರ ರಾತ್ರಿ ಎದ್ದು ಕೂತು ಮತ್ತೆ ಮತ್ತೆ ಓದಿದೆ, ಹೊರಗೆ ಮಳೆ ಹೊಡೀತಾ ಇತ್ತು, ನಿದ್ದೆ ಹತ್ಲೇ ಇಲ್ಲ.

ಅಪ್ಪೂಗೆ 25 ತುಂಬ್ತು ಅಂತ ನಿಮ್ಮ ಅಪ್ಪನ ಆರೋಗ್ಯ ವಿಮೆ ಪಾಲಿಸಿಯಿಂದ ಅವನ ಹೆಸರು ತೆಗೀತಾರೆ ಅಂದ್ಯಲ್ಲ. ಶರ್ಟಿನ ಗುಂಡಿ ಹಾಕ್ಲಿಕ್ಕೆ ಇನ್ನೂ ನೀನೇ ಬೇಕು ಅವನಿಗೆ. ಅಂಗವಿಕಲ ಮಕ್ಕಳಿಗೆ ಬೇರೆ ನಿಯಮ ಇದ್ಯಾ ಅಂತ ಪಾಲಿಸಿ ಕಾಗದದಲ್ಲಿ ಒಂದ್ಸಲ ನೋಡು.

ನಿಂಗೆ ಯಾರೂ ಹೇಳಿರ್ಲಿಕ್ಕಿಲ್ಲ, ಅವನು ಆರು ವರ್ಷದವ ಇದ್ದಾಗ ಮಾಡ್ಸಿದ ಪಾಲಿಸಿಯ ಫಾರಂ ತುಂಬಿದ್ದು ನಾನೇ. ಏಜೆಂಟ್ ನನ್ನ ಪರಿಚಯದವ, ಆಟಿಸಂ ಅಂತ ಬರೆದ್ರೆ ಕೊಡೋದಿಲ್ಲ, ಏನೂ ಇಲ್ಲ ಅಂತ ಹಾಕಿ ಅಂದ, ಹಾಕಿದೆ. ಮರುವರ್ಷ ಫಿಟ್ಸ್ ಬಂದು ಅಡ್ಮಿಟ್ ಮಾಡಿದಾಗ, ಮುಚ್ಚಿಟ್ಟಿದ್ದೀರಿ ಅಂತ ಕ್ಲೇಮ್ ವಾಪಸ್ ಬಂತು. ಅಕ್ಕ, ನಿಮ್ಮಮ್ಮ, ಬಳೆ ಅಡವಿಟ್ಲು, ನಂಗೆ ಒಂದು ಮಾತೂ ಅನ್ಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಎಲ್ಲಿ ಏನು ಕೇಳಿದ್ರೂ ಇದ್ದದ್ದು ಇದ್ದ ಹಾಗೇ ಬರಿ.

ನಿರಾಮಯ ಅಂತ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ಆರೋಗ್ಯ ವಿಮೆ ಸ್ಕೀಮ್ ಇದೆ, ಆಟಿಸಂ ಇದ್ದವರಿಗೆ ವರ್ಷಕ್ಕೆ 1 ಲಕ್ಷದ ತನಕ, ವಯಸ್ಸಿನ ಮಿತಿ ಇಲ್ಲ, ಮೊದಲೇ ಮೆಡಿಕಲ್ ಟೆಸ್ಟೂ ಇಲ್ಲ, ಥೆರಪಿಗೂ ಒಂದಷ್ಟು ಸಿಗ್ತದೆ. ನಾವು ಮೊದಲು ಕಟ್ಟಿ ಆಮೇಲೆ ಬಿಲ್ ಕಳಿಸ್ಬೇಕು, ಹಾಗಾಗಿ ಒಂದು ಚೀಟಿನೂ ಬಿಸಾಡ್ಬೇಡ. ದೊಡ್ಡ ಆಪರೇಷನ್‌ಗೆ ಇದು ಸಾಲೋದಿಲ್ಲ, ಗೊತ್ತು.

ಆದ್ರೆ ನೀ ಕೇಳಿದ್ದು ದುಡ್ಡಿನ ಮಾತಲ್ಲ. ಯಾರು ಕರ್ಕೊಂಡು ಹೋಗ್ತಾರೆ, ಅಷ್ಟೇ. 18 ದಾಟಿದ ಮೇಲೆ ಅವನ ಪರವಾಗಿ ಸಹಿ ಹಾಕ್ಲಿಕ್ಕೆ ಗಾರ್ಡಿಯನ್ ಅಂತ ಆಗ್ಬೇಕಂತೆ, 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಪ್ರಕಾರ ಡಿಸಿ ಅಧ್ಯಕ್ಷರಾಗಿರೋ ಲೋಕಲ್ ಲೆವೆಲ್ ಕಮಿಟಿ ಅದನ್ನ ಮಾಡ್ಕೊಡ್ತದೆ. ಡಿಸಿ ಆಫೀಸು ಇಲ್ಲೇ ಕಾರವಾರದಲ್ಲಿ, ನೀನು ಈ ಮಳೇಲಿ ಶಿರಸಿಯಿಂದ ಘಟ್ಟ ಇಳಿದು ಬರೋದು ಬೇಡ, ಸೋಮವಾರ ನಾನೇ ಹೋಗಿ ಕೇಳ್ತೇನೆ. ನೀನು ಅವನ ಮಾತ್ರೆ ಹೆಸರು, ಸೂಜಿ ಕಂಡ್ರೆ ಹೆದರೋದು, ಕಿವಿ ಮುಚ್ಕೊಂಡ್ರೆ ಏನು ಮಾಡ್ಬೇಕು, ಎಲ್ಲ ಒಂದು ಹಾಳೇಲಿ ಬರೆದು ಇಡು. ಇದೆಲ್ಲ ನಿಂಗೆ ಸಣ್ಣ ಮಾತು ಅನ್ನಿಸ್ಬಹುದು.

ನಂಗೂ ವಯಸ್ಸಾಯ್ತು, ನಾ ಇದ್ದೇನೆ ಅಂತ ಹೇಳಿ ನಿಂಗೆ ಸುಳ್ಳು ಧೈರ್ಯ ಕೊಡೋದಿಲ್ಲ. ಬೆಳಿಗ್ಗೆ ಸೊಸೆ ಹತ್ರ ಕೇಳಿದೆ, ನಾ ನೋಡ್ಕೊಳ್ತೇನೆ ಅಂದ್ಲು, ಆಮೇಲೆ ಅವನು ಯಾವ ಮೀನು ತಿಂತಾನೆ ಅಂತ ಕೇಳಿದ್ಲು, ನಂಗೆ ಹೇಳ್ಲಿಕ್ಕೆ ಬರ್ಲಿಲ್ಲ. ಮಳೆ ಕಮ್ಮಿ ಆದ್ಮೇಲೆ ಒಂದು ವಾರ ಅವನನ್ನ ಕರ್ಕೊಂಡು ಬಾ, ಅವಳಿಗೂ ಅವನಿಗೂ ರೂಢಿ ಆಗ್ಲಿ.

ನಿನ್ನ ಮಾವ