ಒಂದು ಬೆಳಗ್ಗೆ ಎಣಿಸಿದರೆ ಮದಗ ಉಳಿಯಿತೇ?

ಮಾನ್ಯ ಸಂಪಾದಕರೇ,

ನಮ್ಮ ಮದಗದ (ಕೆರೆಯ) ಬಗ್ಗೆ ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿ ಬೆಳಗ್ಗಿನ ಚಾ ಗಂಟಲಲ್ಲಿ ಇಳಿಯಲಿಲ್ಲ. ಎಲ್ಲ ಜೀವಿಗಳೂ ಅಲ್ಲಿ ಸಹಬಾಳ್ವೆ ನಡೆಸುತ್ತಿವೆಯಂತೆ. ಹೂಳು ತೆಗೆದು ಕಟ್ಟುತ್ತಿರುವ ತಡೆಗೋಡೆಯಿಂದ ಯಾವ ಜಾತಿಗೂ ತೊಂದರೆ ಇಲ್ಲವಂತೆ. ಸಮೀಕ್ಷೆ ಮಾಡಿಯೇ ಹೇಳುತ್ತಿದ್ದೇವೆ ಎಂದು ಅಧಿಕಾರಿಗಳ ಹೇಳಿಕೆ. ಆ ಸಮೀಕ್ಷೆಯ ಚಂದವನ್ನು ನಾನು ಹೇಳುತ್ತೇನೆ, ನಮ್ಮ ಮನೆ ಎದುರೇ ನಡೆದದ್ದು.

ಬೆಳಗ್ಗೆ ಜೀಪು ಬಂದು ಗೇಟಿಗೆ ಅಡ್ಡ ನಿಂತಿತು. ಮೊಮ್ಮಗಳ ಶಾಲೆಯ ವ್ಯಾನು ಹಾರ್ನ್ ಹೊಡೆದು ಹೊಡೆದು ಹೊರಟೇ ಹೋಯಿತು. ಇವರು ಬಲೆ ಬೀಸಿದರು, ಫೋಟೊ ತೆಗೆದರು, ಪಟ್ಟಿಯಲ್ಲಿ ಟಿಕ್ ಹಾಕಿದರು, ಬಿಸಿಲೇರುವ ಮೊದಲೇ ತಿಂಡಿಗೆ ಹೋದರು. ಬೆನ್ನಿಗೇ ಜೆಸಿಬಿ ಬಂತು. ಹೂಳು ತುಂಬಿದ ಟಿಪ್ಪರುಗಳು ರಸ್ತೆಯುದ್ದಕ್ಕೂ ಕೆಸರು ಸುರಿಸುತ್ತಿವೆ. ಸ್ಕೂಟರ್ ಜಾರಿ ನನ್ನ ಮೊಣಕಾಲು ಸುಲಿದಿದೆ. ಬಾವಿ ನೀರು ಕೆಂಪಾಗಿದೆ. ಅಂಗಳದಲ್ಲಿ ಬಟ್ಟೆ ಒಣಹಾಕುವ ಹಾಗಿಲ್ಲ. ನಾವೂ ಕೆಸರೂ ಸೇರಿ ಸಹಬಾಳ್ವೆ ಶುರು ಮಾಡಿದ್ದೇವೆ, ಅದನ್ನೂ ವರದಿಗೆ ಸೇರಿಸಬಹುದಿತ್ತು.

ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿದವನು. ಒಂದು ದಿನ ಕಣ್ಣಿಗೆ ಬಿದ್ದದ್ದನ್ನು ಬರೆದುಕೊಂಡರೆ ಇಂದು ಏನಿದೆ ಎಂದು ಗೊತ್ತಾಗುತ್ತದೆ. ನಾಳೆ ಏನು ಉಳಿಯುತ್ತದೆ ಎಂದು ಗೊತ್ತಾಗುವುದಿಲ್ಲ. ರಷ್ಯದ ಗಾಸ್ ಎಂಬ ವಿಜ್ಞಾನಿ ಎರಡು ಜಾತಿಯ ಪ್ಯಾರಾಮೀಸಿಯಂಗಳನ್ನು (ನೀರಿನ ಏಕಕೋಶ ಜೀವಿಗಳನ್ನು) ಒಟ್ಟಿಗೆ ಬೆಳೆಸಿ ನೋಡಿ 1934ರಲ್ಲಿ ಪುಸ್ತಕ ಬರೆದ. ಮೊದಲ ಕೆಲವು ದಿನ ಎರಡೂ ಹೆಚ್ಚುತ್ತಲೇ ಹೋದವು. ಆಮೇಲೆ ಒಂದು ಕಡಿಮೆಯಾಗುತ್ತಾ ಇಲ್ಲವೇ ಆಯಿತು. ನಮ್ಮ ಜೀಪಿನವರು ಆ ಮೊದಲ ದಿನಗಳಲ್ಲಿ ಹೋಗಿದ್ದರೆ ಅಲ್ಲೂ ಎರಡಕ್ಕೂ ಟಿಕ್ ಹಾಕಿ ಬರುತ್ತಿದ್ದರು.

ಕೇಳಬೇಕಾದ ಪ್ರಶ್ನೆಯೇ ಬೇರೆ. ಒಂದು ಜಾತಿ ತೀರಾ ಕಡಿಮೆಯಾಗಿ, ಉಳಿದವು ತುಂಬಿಕೊಂಡಿರುವಾಗ, ಅದು ಮತ್ತೆ ಹೆಚ್ಚಿಕೊಳ್ಳುತ್ತದೆಯೇ? ಪ್ರತಿ ಜಾತಿಗೂ ಆ ಶಕ್ತಿ ಇದ್ದರೆ ಒಟ್ಟಿಗೆ ಬಾಳುತ್ತವೆ ಎನ್ನೋಣ. ಬರದ ವರ್ಷ ಒಂದಕ್ಕೆ ಅನುಕೂಲ, ಜೋರು ಮಳೆಯ ವರ್ಷ ಇನ್ನೊಂದಕ್ಕೆ. ಹಾಗಾಗಿ ವರ್ಷ ವರ್ಷ, ಎಲ್ಲ ಕಾಲದಲ್ಲೂ ಎಣಿಸಬೇಕು. ಮರಿಗಳನ್ನೂ ಎಣಿಸಬೇಕು. ಮುಗುಡು ಮೀನು ಸಿಕ್ಕಿತು, ಸರಿ. ಮಳೆ ಹಿಡಿದಾಗ ಅದು ತೋಡು (ಸಣ್ಣ ಹಳ್ಳ) ಹತ್ತಿ ಗದ್ದೆಗೆ ಹೋಗಿ ಮೊಟ್ಟೆ ಇಡಬೇಕಲ್ವಾ? ಉಬರ್, ಅಂದರೆ ಮಳೆಗೆ ಹೀಗೆ ಹತ್ತಿ ಬರುವ ಮೀನು, ಹಿಡಿಯಲು ಹೋಗುವ ಹುಡುಗರಿಗೂ ಇದು ಗೊತ್ತು. ತೋಡಿನ ಬಾಯಿಗೇ ಕಾಂಕ್ರೀಟ್ ಗೋಡೆ ಎಬ್ಬಿಸಿದ್ದಾರೆ. ಈಗಿರುವ ಮುಗುಡು ಸಾಯುವ ತನಕ ಪಟ್ಟಿಯಲ್ಲಿ ಹೆಸರು ಇದ್ದೇ ಇರುತ್ತದೆ ಬಿಡಿ.

ಇನ್ನು ಕಪ್ಪೆಗಳ ಕಾಲಂ ಪೂರ್ತಿ ಖಾಲಿ. ಏಪ್ರಿಲ್ ಬಿಸಿಲಿನಲ್ಲಿ ಅವು ಬಂದು ಹಾಜರಿ ಹಾಕಬೇಕಿತ್ತೇನೋ! ಪಕ್ಕದ ಮಣಿಪಾಲದ ಮುರಕಲ್ಲಿನ ಬಯಲಿನಲ್ಲೇ ಸಿಕ್ಕ ಉಗುರಿನಷ್ಟು ದೊಡ್ಡ ಕಪ್ಪೆಯನ್ನು 2016ರಲ್ಲಿ ಹೊಸ ಜಾತಿ ಎಂದು ಗುರುತಿಸಿದರು. ಕೂಗು ಕೇಳಿದರೆ ಜೀರುಂಡೆ ಎಂದೇ ಅನಿಸುತ್ತದೆ. ಅಂಥದ್ದು ಬೇಕಾದರೆ ಮಳೆಗಾಲದ ರಾತ್ರಿ ಟಾರ್ಚ್ ಹಿಡಿದು ಬರಬೇಕು. ಸೊಳ್ಳೆ ತಿನ್ನಲಿ ಎಂದು ಈ ಮದಗಕ್ಕೆ ಗ್ಯಾಂಬೂಸಿಯಾ ಮೀನು ಬಿಟ್ಟದ್ದೂ ಈ ಸಮೀಕ್ಷೆ ಮಾಡಿಸಿದ ಇದೇ ಕಚೇರಿ. ಆ ಮೀನು ಗೊದಮೊಟ್ಟೆಗಳನ್ನೂ ಬೇರೆ ಮೀನಿನ ಮೊಟ್ಟೆಗಳನ್ನೂ ಬಿಡುವುದಿಲ್ಲ. ಸೊಳ್ಳೆ ಮಾತ್ರ ನಮ್ಮ ಜಗಲಿಯಲ್ಲಿ ಚೆನ್ನಾಗಿಯೇ ಉಳಿದುಕೊಂಡಿದೆ.

ಈ ಕಚೇರಿಯ ಕತೆ ಹೊಸತೇನಲ್ಲ. ನಮ್ಮ ದಾರಿದೀಪ ಹಗಲು ಉರಿದು ರಾತ್ರಿ ಆರುತ್ತದೆ. ಒಳಚರಂಡಿಗೆ ಅಗೆದ ಗುಂಡಿ ಕಳೆದ ಮಳೆಗಾಲದಿಂದ ಹಾಗೆಯೇ ಬಾಯಿ ತೆರೆದಿದೆ. ಖಾತೆ ಕೆಲಸಕ್ಕೆ ಹೋದರೆ ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎನ್ನುತ್ತಾರೆ. ಆ ಮೀಟಿಂಗು ಮುಗಿದದ್ದನ್ನು ಈ ವಾರ್ಡಿನಲ್ಲಿ ಯಾರೂ ಕಂಡಿಲ್ಲ.

ಸಂಬಂಧಪಟ್ಟವರು ಕೂಡಲೇ ಕಾಮಗಾರಿ ನಿಲ್ಲಿಸಿ, ಮಳೆಗಾಲದಲ್ಲಿ ಗೊತ್ತಿದ್ದವರಿಂದ ಸಮೀಕ್ಷೆ ಮಾಡಿಸಬೇಕು. ಇಲ್ಲವೇ ಕಾಮಗಾರಿ ಬೇಗ ಮುಗಿಸಿ ರಸ್ತೆಯ ಕೆಸರನ್ನಾದರೂ ತೆಗೆಯಬೇಕು. ಏನಾದರೂ ಒಂದು ಮಾಡಲಿ. ಎರಡೂ ಆಗದಿದ್ದರೆ ಸುಮ್ನೆ ಪತ್ರಿಕೆಗೆ ಹೇಳಿಕೆ ಕೊಡುವುದನ್ನಾದರೂ ಬಿಡಲಿ.

– ಹಿರಿಯ ನಾಗರಿಕ, ಉಡುಪಿ